ಗೋಕಟ್ಟೆಯ ಅಳತೆ, ಮಕ್ಕಳ ಗ್ರಾಮಸಭೆಯ ಅರ್ಜಿ

ಪಂಚಾಯಿತಿ ವರ್ಷಕ್ಕೊಮ್ಮೆ ಮಕ್ಕಳಿಗಾಗಿ ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಮೈಕ್ ಹಿಡಿದು "ಕೆರೆ ಉಳಿಸಿ, ಗಿಡ ನೆಡಿ" ಎಂದರೆ ಚಪ್ಪಾಳೆ ಬೀಳುತ್ತದೆ, ಕೆಲಸ ಆಗುವುದಿಲ್ಲ. ಪಂಚಾಯಿತಿಯ ಕ್ರಿಯಾ ಯೋಜನೆಗೆ ಒಂದು ಸಾಲು ಸೇರಬೇಕಾದರೆ ಸರ್ವೆ ನಂಬರ್, ಉದ್ದ, ಅಗಲ, ಆಳ ಬೇಕು. ಚಳ್ಳಕೆರೆ, ಹೊಳಲ್ಕೆರೆ, ಜಗಳೂರು ಕಡೆಯ ಪ್ರೌಢಶಾಲೆ ಮಕ್ಕಳ ಜೊತೆ ನಾವು ಮಾಡುತ್ತಿರುವುದು ಗೋಕಟ್ಟೆಗಳ, ಅಂದರೆ ದನಕರು ನೀರು ಕುಡಿಯುವ ಸಣ್ಣ ಕಟ್ಟೆಗಳ, ಈ ಅಳತೆಯ ಕೆಲಸವನ್ನೇ.

ಮೊದಲಿಗೆ ದೊಡ್ಡ ಕೆರೆಗೆ ಕೈಹಾಕಬೇಡಿ. ಅಚ್ಚುಕಟ್ಟು (ನೀರುಣ್ಣುವ ಜಮೀನು) 40 ಹೆಕ್ಟೇರ್ ದಾಟಿದ ಕೆರೆಗಳನ್ನು ಸಣ್ಣ ನೀರಾವರಿ ಇಲಾಖೆ ನೋಡಿಕೊಳ್ಳುತ್ತದೆ. ಗ್ರಾಮ ಪಂಚಾಯಿತಿ ಠರಾವು ಮಾಡಿ ಮೇಲಕ್ಕೆ ಕಳಿಸಬಹುದು, ಅಷ್ಟೇ. ನಮ್ಮ ಬಯಲುಸೀಮೆಯ ಗೋಕಟ್ಟೆ ಹಾಗಲ್ಲ. ಹೂಳು ತೆಗೆಯುವ ಕೆಲಸವನ್ನು ಪಂಚಾಯಿತಿಯೇ ಕೈಗೆತ್ತಿಕೊಳ್ಳಬಹುದು, ಮಕ್ಕಳು ಒಂದು ಬೆಳಿಗ್ಗೆಯಲ್ಲಿ ಅಳೆದು ಮುಗಿಸಬಹುದು.

ಎಂಟನೇ ತರಗತಿಯವರನ್ನು ಸೇರಿಸಿಕೊಳ್ಳಿ. ಎಸ್ಸೆಸ್ಸೆಲ್ಸಿಗೆ ಹೋಗುವ ಹೊತ್ತಿಗೆ ಅವರು ಎರಡು ಸಭೆ ನೋಡಿರುತ್ತಾರೆ. ಹೋದ ವರ್ಷ ಕೊಟ್ಟ ಅರ್ಜಿ ಏನಾಯಿತು ಎಂದು ಕೇಳಲು ಅರ್ಜಿ ಕೊಟ್ಟವರೇ ಇರಬೇಕಲ್ಲ. ತಂಡಕ್ಕೆ ಆರು ಜನ ಸಾಕು. ಮುಖ್ಯ ಶಿಕ್ಷಕರ ಅನುಮತಿ, ಎಸ್‌ಡಿಎಂಸಿಗೆ (ಶಾಲಾಭಿವೃದ್ಧಿ ಸಮಿತಿಗೆ) ಒಂದು ಮಾತು, ಪೋಷಕರ ಸಹಿ, ಜೊತೆಗೊಬ್ಬ ಶಿಕ್ಷಕರು, ಇಷ್ಟಿಲ್ಲದೆ ಹೊರಡಬಾರದು. ನೀರು ನಿಂತಿದ್ದರೆ ಒಳಗೆ ಇಳಿಸಲೇಬಾರದು. ಹಾಗಾಗಿ ಶಾಲೆ ಶುರುವಾದ ಮೇಲೆ, ಕಟ್ಟೆ ಇನ್ನೂ ಒಣಗಿರುವ ಜೂನ್‌ನಲ್ಲೇ ಅಳತೆ ಮುಗಿಸುತ್ತೇವೆ. ಇಲ್ಲಿ ದೊಡ್ಡ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆಗ ಮತ್ತೊಮ್ಮೆ ಹೋಗಿ ನೀರು ಬಂತೇ, ಎಲ್ಲಿ ತಡೆಯಿತು ಎಂದು ದಡದಿಂದಲೇ ಫೋಟೋ ತೆಗೆದರೆ ನವೆಂಬರ್ 14ರ ಆಸುಪಾಸಿನ ಸಭೆಗೆ ಕಡತ ಸಿದ್ಧ.

ಬೇಕಾದ ಸಾಮಾನು: 100 ಅಡಿ ಟೇಪು, ಒಂದು ಹಾರೆ, ಅಡಿ-ಇಂಚು ಗುರುತು ಹಾಕಿದ ಎರಡು ಕೋಲು, ಗಾರೆಯವರು ಬಳಸುವ ಅರ್ಧ ಇಂಚಿನ ಪಾರದರ್ಶಕ ಲೆವೆಲ್ ಪೈಪ್ 50 ಅಡಿ. ಸರ್ವೆ ನಂಬರ್ ತಿಳಿಯಲು ಮೊಬೈಲಿನಲ್ಲಿ ದಿಶಾಂಕ್ ಆ್ಯಪ್. ಅದರ ಗುರುತು ಕೆಲವು ಮೀಟರ್ ಆಚೀಚೆ ಆಗುತ್ತದೆ, ಒತ್ತುವರಿ ತೀರ್ಮಾನಕ್ಕೆ ಅದನ್ನು ನಂಬಬೇಡಿ.

ಹೂಳು ಅಳೆಯಲು ನಡುವೆ ಒಂದು, ನಾಲ್ಕು ಮೂಲೆಗಳ ಹತ್ತಿರ ನಾಲ್ಕು ಗುಂಡಿ ತೆಗೆಯಿರಿ. ಮೇಲಿನ ಕಪ್ಪು ಮಣ್ಣು ಬಿರುಕು ಬಿಟ್ಟಿರುತ್ತದೆ, ಹಾರೆ ಸಲೀಸಾಗಿ ಇಳಿಯುತ್ತದೆ; ಕೆಳಗಿನ ಗಟ್ಟಿ ಗರಸು ಮಣ್ಣು ಸಿಕ್ಕಾಗ ಠಣ್ ಎನ್ನುತ್ತದೆ. ಅಲ್ಲಿಗೆ ಹೂಳು ಮುಗಿಯಿತು. ಐದು ಆಳಗಳ ಸರಾಸರಿ ತೆಗೆಯಿರಿ. 120 ಅಡಿ ಉದ್ದ, 90 ಅಡಿ ಅಗಲದ ಕಟ್ಟೆಯಲ್ಲಿ ಸರಾಸರಿ 2 ಅಡಿ ಹೂಳಿದ್ದರೆ 21,600 ಘನ ಅಡಿ. ಒಂದು ಟ್ರೇಲರಿಗೆ 100 ಘನ ಅಡಿಯಂತೆ 216 ಲೋಡು. ಆದರೆ ಅಗೆದ ಮಣ್ಣು ಉಬ್ಬುತ್ತದೆ. ಕಾಲುಭಾಗ ಸೇರಿಸಿ 270 ಎಂದು ಬರೆಯಿರಿ. ಇಲ್ಲವಾದರೆ ಲೋಡು ಎಣಿಸುವಾಗ ಲೆಕ್ಕ ಹೊಂದದೆ ತಕರಾರು ಬರುತ್ತದೆ. ಅಷ್ಟು ಹೂಳು ಹೋದರೆ ಹೆಚ್ಚಿಗೆ ನಿಲ್ಲುವ ನೀರು ಸುಮಾರು 6 ಲಕ್ಷ ಲೀಟರ್. ಒಂದು ದನಕ್ಕೆ ದಿನಕ್ಕೆ 40 ಲೀಟರ್ ಹಿಡಿದು, ಬಿಸಿಲಿಗೆ ಆರಿ ನೆಲಕ್ಕೆ ಇಳಿಯುವ ಅರ್ಧ ಕಳೆದರೂ 100 ದನಕ್ಕೆ 75 ದಿನ. ಸಭೆಯಲ್ಲಿ ಸದಸ್ಯರು ತಲೆಯೆತ್ತಿ ನೋಡುವುದು ಈ ಸಂಖ್ಯೆಗೆ.

ಹೂಳಿಗಿಂತ ಮುಖ್ಯವಾದದ್ದು ಒಳಹರಿವು, ಅಂದರೆ ಕಟ್ಟೆಗೆ ಮಳೆನೀರು ತರುವ ಕಾಲುವೆ. ಹೂಳೆತ್ತಿದ ಮೇಲೂ ಖಾಲಿ ಉಳಿಯುವ ಕಟ್ಟೆಗಳು ಬೇಕಾದಷ್ಟಿವೆ. ರಸ್ತೆ ಎತ್ತರಿಸುವಾಗ ಮೋರಿ ಪೈಪನ್ನು ಕಾಲುವೆಯ ತಳಕ್ಕಿಂತ ಮೇಲೆ ಕೂರಿಸಿರುತ್ತಾರೆ, ನೀರು ಅಲ್ಲಿಗೆ ಬಂದು ಪಕ್ಕದ ಹೊಲಕ್ಕೆ ತಿರುಗುತ್ತದೆ. ಕಣ್ಣಳತೆಗೆ ಇದು ಕಾಣುವುದಿಲ್ಲ, ಲೆವೆಲ್ ಪೈಪ್ ತೋರಿಸುತ್ತದೆ. ಪೈಪಿಗೆ ಬಟ್ಟೆಗೆ ಹಾಕುವ ನೀಲಿ ಬೆರೆಸಿದ ನೀರು ತುಂಬಿ. ಮೊದಲು ಎರಡೂ ತುದಿಗಳನ್ನು ಒಟ್ಟಿಗೆ ಹಿಡಿದು ನೀರು ಸಮ ನಿಂತಿದೆಯೇ ನೋಡಿ. ನಿಲ್ಲದಿದ್ದರೆ ಒಳಗೆ ಗುಳ್ಳೆ ಇದೆ, ಪೈಪನ್ನು ತಟ್ಟಿ ಹೊರಡಿಸಿ. ನಡೆಯುವಾಗ ತುದಿಗಳಿಗೆ ಹೆಬ್ಬೆರಳು ಒತ್ತಿರಬೇಕು, ಓದುವಾಗ ಎರಡನ್ನೂ ಬಿಟ್ಟಿರಬೇಕು. ಒಂದೊಂದು ತುದಿಯನ್ನು ಒಂದೊಂದು ಕೋಲಿಗೆ ಸೇರಿಸಿ ಹಿಡಿದಾಗ, ಕಾಲುವೆಯ ತಳದ ಕೋಲಿನಲ್ಲಿ ನೀರು 3 ಅಡಿ 2 ಇಂಚಿಗೆ, ಮೋರಿ ಬಾಯಿಯ ಕೋಲಿನಲ್ಲಿ 2 ಅಡಿ 10 ಇಂಚಿಗೆ ನಿಂತರೆ ಮೋರಿ 4 ಇಂಚು ಎತ್ತರದಲ್ಲಿದೆ. ಹೆಚ್ಚಿನ ಅಂಕಿ ಎಂದರೆ ತಗ್ಗು. ಮಕ್ಕಳು ಇದನ್ನು ಉಲ್ಟಾ ಬರೆಯುವುದು ಮಾಮೂಲು, ಸ್ಥಳದಲ್ಲೇ ತಾಳೆ ನೋಡಿ.

ಕಾಲುವೆಯ ಹಳೆಯ ಜಾಡು ಹೇಳುವವರು ಕುರಿ ಕಾಯುವ ಹಿರಿಯರು. "ತಾತ, ಈ ಹಳ್ಳದ ನೀರು ಮುಂಚೆ ಎತ್ಲಾಗೆ ಹೋಗ್ತಿತ್ತು?" ಎಂದು ಮಕ್ಕಳು ಕೇಳಿದರೆ ಎದ್ದು ಬಂದು ಕೋಲಿನಿಂದ ತೋರಿಸುತ್ತಾರೆ. ನಾವು ದೊಡ್ಡವರು ಕೇಳಿದರೆ ಯಾವ ಇಲಾಖೆಯವರೋ ಎಂದು ಬಾಯಿ ಬಿಡುವುದಿಲ್ಲ.

ಅರ್ಜಿ ಒಂದೇ ಪುಟ, ಒಂದೇ ಕಾಮಗಾರಿ. ವಿಷಯದ ಸಾಲು ಹೀಗಿರಲಿ: "ಸರ್ವೆ ನಂಬರ್ ಇಂಥದ್ದರ ಗೋಕಟ್ಟೆಯ ಒಳಹರಿವು ಕಾಲುವೆಯಲ್ಲಿ 180 ಅಡಿ ಉದ್ದಕ್ಕೆ ಹೂಳು ತೆಗೆದು, ಮೋರಿಯನ್ನು 4 ಇಂಚು ತಗ್ಗಿಸುವ ಕುರಿತು." ಹಿಂದೆ ಕೈನಕ್ಷೆ, ಅಳತೆ ಪಟ್ಟಿ, ನಾಲ್ಕು ಫೋಟೋ. ರಸ್ತೆ ಬೇರೆ ಇಲಾಖೆಯದಾದರೆ ಮೋರಿಯ ಅರ್ಜಿ ಬೇರೆ ಮಾಡಿ. ಒತ್ತುವರಿ ಕಂಡರೆ ಮಕ್ಕಳ ಬಾಯಲ್ಲಿ ಯಾರ ಹೆಸರೂ ಬರಬಾರದು, ಹಳ್ಳಿಯಲ್ಲಿ ಅದರ ಪೆಟ್ಟು ಬೀಳುವುದು ಮಕ್ಕಳ ಮನೆಯವರಿಗೆ. "ಹದ್ದುಬಸ್ತು ಮಾಡಿಸಿಕೊಡಬೇಕು" (ಅಳೆದು ಗಡಿ ಗುರುತಿಸಿಕೊಡಬೇಕು) ಎಂದಷ್ಟೇ ಬರೆದರೆ ಸಾಕು. ಉಳಿದದ್ದು ಭೂಮಾಪಕರ ಕೆಲಸ.

ಸಭೆಗೆ ನಾಲ್ಕು ದಿನ ಮುಂಚೆ ಅರ್ಜಿಯನ್ನು ಪಂಚಾಯಿತಿ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಓದಿಕೊಂಡು ಬಂದಿದ್ದರೆ ಉತ್ತರ ಸಿಗುತ್ತದೆ, ಇಲ್ಲದಿದ್ದರೆ "ಪರಿಶೀಲಿಸುತ್ತೇವೆ" ಸಿಗುತ್ತದೆ. ಸಭೆ ಮುಗಿದ ಮೇಲೆ ವಿಷಯ ನಡಾವಳಿ ಪುಸ್ತಕದಲ್ಲಿ ಬಂದಿದೆಯೇ ನೋಡಿ. ಮುಂದಿನ ವರ್ಷದ ಯೋಜನೆ ಸಿದ್ಧವಾಗುವುದು ಅಕ್ಟೋಬರ್ 2ರ ನಂತರದ ತಿಂಗಳುಗಳಲ್ಲೇ, ನವೆಂಬರಿನ ಅರ್ಜಿಗೆ ಆ ಅನುಕೂಲವಿದೆ. ಆದರೆ ದೊಡ್ಡವರ ಗ್ರಾಮಸಭೆಯಲ್ಲಿ ಮತದಾರರಷ್ಟೇ ಸದಸ್ಯರು. ಅಲ್ಲಿ ಅದೇ ಕಾಮಗಾರಿಯನ್ನು ಎತ್ತಲು ಇಬ್ಬರು ತಾಯಂದಿರನ್ನೋ ಸ್ವಸಹಾಯ ಸಂಘದವರನ್ನೋ ಮೊದಲೇ ಒಪ್ಪಿಸಿಡಿ.

ಮರುವರ್ಷದ ಸಭೆಯಲ್ಲಿ ಮೊದಲ ಪ್ರಶ್ನೆ ಅನುಪಾಲನಾ ವರದಿಯದ್ದೇ, ಅಂದರೆ ಹೋದ ವರ್ಷದ ಅರ್ಜಿಗೆ ಏನು ಕ್ರಮವಾಯಿತು ಎಂಬುದರದ್ದೇ ಆಗಲಿ. ಉತ್ತರ ಬರದಿದ್ದರೆ ಪೋಷಕರೊಬ್ಬರ ಹೆಸರಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಿಸಿ: 10 ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದದೊಳಗೆ, 30 ದಿನದಲ್ಲಿ ಉತ್ತರ ಕೊಡಬೇಕು. "ಯಾಕೆ ಮಾಡಲಿಲ್ಲ" ಎಂದು ಕೇಳಬೇಡಿ, ಉತ್ತರ ಕೊಡಲಾಗದು ಎಂಬ ಹಿಂಬರಹ ಬರುತ್ತದೆ. ನಡಾವಳಿಯ ಪ್ರತಿ, ಕ್ರಿಯಾ ಯೋಜನೆಯ ಪ್ರತಿ ಕೇಳಿ.

ಗಿಡದ ವಿಷಯ ಕೊನೆಗೆ. ನೀರು ತಡೆಯುವ ಮಣ್ಣಿನ ಏರಿ ಮೇಲೆ ಮರ ಬೆಳೆಸಬೇಡಿ, ಬೇರಿನ ಜಾಡಿನಲ್ಲಿ ನೀರು ಜಿನುಗಿ ಏರಿ ಸಡಿಲಾಗುತ್ತದೆ. ಹೊಂಗೆ, ಬೇವು ಕಟ್ಟೆಯಿಂದ ದೂರ, ಗೋಮಾಳದ ಅಂಚಿಗೆ ಇರಲಿ. ಕಟ್ಟೆಯ ಅಂಗಳದ (ನೀರು ನಿಲ್ಲುವ ಜಾಗದ) ಬಳ್ಳಾರಿ ಜಾಲಿಯನ್ನು ಮೇಲೆ ಕಡಿದರೆ ಮತ್ತೆ ಪೊದೆಯಾಗಿ ಚಿಗುರುತ್ತದೆ. ನೆಲದಿಂದ ಒಂದು ಅಡಿ ಕೆಳಗಿನವರೆಗೂ ಬುಡ ಕೀಳಬೇಕು, ಅದು ಜೆಸಿಬಿ ಕೆಲಸ, ಮಕ್ಕಳದ್ದಲ್ಲ. ಅಂದಾಜುಪಟ್ಟಿಗೆ ಸೇರಲಿ ಎಂದು ಅರ್ಜಿಯಲ್ಲಿ ಬುಡಗಳ ಸಂಖ್ಯೆ ಬರೆಯಿರಿ. ತೆಗೆದ ಹೂಳನ್ನು ಯಾವ ರೈತರು ಹೊಲಕ್ಕೆ ಒಯ್ಯುತ್ತಾರೆ ಎಂಬ ಪಟ್ಟಿಯನ್ನೂ ಲಗತ್ತಿಸಿ. ದಡದಲ್ಲೇ ಸುರಿದ ಹೂಳು ಮೊದಲ ಮಳೆಗೇ ವಾಪಸ್ ಕಟ್ಟೆಗೆ ಇಳಿಯುತ್ತದೆ.