ಪ್ರೋಟೀನ್ ಮೈಟೊಕಾಂಡ್ರಿಯದ ಒಳಗೆ ಹೋಯಿತಾ, ಹೊರಗೇ ಅಂಟಿಕೊಂಡಿದೆಯಾ? ಹೀಗೆ ನೋಡಿ

ಮೈಟೊಕಾಂಡ್ರಿಯಕ್ಕೆ ಸ್ವಂತ ಡಿಎನ್‌ಎ ಇದೆ ನಿಜ, ಆದರೆ ಮನುಷ್ಯರಲ್ಲಿ ಅದರಿಂದ ತಯಾರಾಗುವುದು ಬರೀ 13 ಪ್ರೋಟೀನ್. ಉಳಿದ ಸಾವಿರಕ್ಕೂ ಜಾಸ್ತಿ ಪ್ರೋಟೀನ್‌ಗಳು ಹೊರಗಿನಿಂದಲೇ ಬರಬೇಕು. ಹೀಗೆ ಒಳಗೆ ಬರುವುದನ್ನು ಟ್ಯೂಬ್‌ನಲ್ಲಿ ಮಾಡಿ ನೋಡುವುದು ಸುಲಭ. ಕಂಡದ್ದನ್ನು ನಂಬುವುದೇ ಕಷ್ಟ.

ಯೀಸ್ಟ್‌ನಿಂದ ತೆಗೆದ ಮೈಟೊಕಾಂಡ್ರಿಯ ಐಸ್ ಮೇಲಿರಲಿ. ನಿಮ್ಮ ಪ್ರೋಟೀನನ್ನು ಮೊಲದ ರೆಟಿಕ್ಯುಲೊಸೈಟ್ ಲೈಸೇಟ್‌ನಲ್ಲಿ (ಎಳೆಯ ಕೆಂಪು ರಕ್ತಕಣ ಒಡೆದು ತೆಗೆದ, ಪ್ರೋಟೀನ್ ತಯಾರಿಸಬಲ್ಲ ರಸ), ವಿಕಿರಣ ಸೂಸುವ ಸಲ್ಫರ್-35 ಇರುವ ಮೆಥಿಯೊನಿನ್ ಎಂಬ ಅಮೈನೋ ಆಮ್ಲ ಹಾಕಿ ತಯಾರಿಸಿಕೊಳ್ಳಿ. ಬಫರ್‌ನಲ್ಲಿ ಸುಕ್ರೋಸ್ ಇಲ್ಲವೇ ಸಾರ್ಬಿಟಾಲ್ ಇರಬೇಕು, ಇಲ್ಲದಿದ್ದರೆ ಮೈಟೊಕಾಂಡ್ರಿಯ ಊದಿ ಒಡೆಯುತ್ತದೆ. ಶಕ್ತಿಗೆ ಎಟಿಪಿ, ಎನ್‌ಎಡಿಎಚ್ ಸೇರಿಸಿ. ಎಲ್ಲ ಕಲಸಿ 25 ಡಿಗ್ರಿಯಲ್ಲಿಡಿ. 2, 5, 15 ನಿಮಿಷಕ್ಕೆ ಒಂದೊಂದು ಪಾಲು ತೆಗೆದು, ಒಳಪೊರೆಯ ವೋಲ್ಟೇಜ್ ಬೀಳಿಸುವ ವ್ಯಾಲಿನೊಮೈಸಿನ್ ಹಾಕಿ ಐಸ್‌ಗೆ ಇಳಿಸಿ, ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್‌ನಲ್ಲಿ ಒಂದೊಂದು ಪಾಲನ್ನು ಒಂದೊಂದು ಲೇನ್‌ನಲ್ಲಿ (ಸಾಲಿನಲ್ಲಿ) ಓಡಿಸಿ. ಮೇಲಿನ ಬ್ಯಾಂಡ್ (ಗೆರೆ) ಪೂರ್ತಿ ಪ್ರೋಟೀನ್. ಕೆಳಗಿನದು, ಮ್ಯಾಟ್ರಿಕ್ಸ್‌ನ ಕತ್ತರಿ ಎಂಪಿಪಿ ಮುಂದಿನ ತುಂಡನ್ನು, ಅಂದರೆ ವಿಳಾಸದ ಚೀಟಿಯನ್ನು, ಕತ್ತರಿಸಿದ ಮೇಲೆ ಉಳಿದದ್ದು. ಕೆಳಗಿನ ಬ್ಯಾಂಡ್ ಬಂತು, ಕೆಲಸ ಆಯ್ತು ಅಂತ ಹಿಗ್ಗಬೇಡಿ. ಒಡೆದ ಮೈಟೊಕಾಂಡ್ರಿಯದಿಂದ ಎಂಪಿಪಿ ಸೋರಿ ಹೊರಗೇ ಕತ್ತರಿಸಿರಬಹುದು, ಅಲ್ವಾ?

ಅದಕ್ಕೇ ಇನ್ನೂ ಮೂರು ಲೇನ್ ಬೇಕು. ಒಂದರಲ್ಲಿ ಮೊದಲೇ ವ್ಯಾಲಿನೊಮೈಸಿನ್ ಹಾಕಿ: ಒಳಪೊರೆಯ ವೋಲ್ಟೇಜ್ ಬಿದ್ದರೆ ಟಿಮ್23 ಬಾಗಿಲಲ್ಲಿ ಪಾಸಿಟಿವ್ ಚಾರ್ಜ್ ಇರುವ ಆ ಚೀಟಿಯನ್ನು ಒಳಗೆ ಎಳೆಯುವವರೇ ಇರುವುದಿಲ್ಲ. ಇಲ್ಲೂ ಕೆಳಗಿನ ಬ್ಯಾಂಡ್ ಬಂದರೆ ಅದು ಸೋರಿಕೆಯೇ. ಎರಡನೆಯದರಲ್ಲಿ, ಕೆಲಸ ಮುಗಿದ ಮೇಲೆ ಪ್ರೋಟೀನ್ ಕತ್ತರಿಸುವ ಕಿಣ್ವ ಪ್ರೋಟೀನೇಸ್ ಕೆ ಹಾಕಿ ಐಸ್ ಮೇಲೆ 15 ನಿಮಿಷ. ಹೊರಗೆ ಅಂಟಿದ್ದು ಕರಗುತ್ತದೆ, ಒಳಗಿದ್ದದ್ದು ಉಳಿಯುತ್ತದೆ. ಆಮೇಲೆ ಪಿಎಂಎಸ್‌ಎಫ್ ಎಂಬ ತಡೆ ರಾಸಾಯನಿಕ ಹಾಕಿ ಆ ಕಿಣ್ವವನ್ನು ನಿಲ್ಲಿಸಲೇಬೇಕು. ಪಿಎಂಎಸ್‌ಎಫ್ ನೀರಿನಲ್ಲಿ ಬೇಗ ಕೆಡುತ್ತದೆ, ಪ್ರೋಟೀನೇಸ್ ಕೆ ಮಾತ್ರ ಜೆಲ್‌ಗೆ ಮುನ್ನ ಬೆರೆಸುವ ಡಿಟರ್ಜೆಂಟ್ ಎಸ್‌ಡಿಎಸ್‌ನಲ್ಲೂ ಚುರುಕಾಗಿಯೇ ಇದ್ದು ಎಲ್ಲವನ್ನೂ ಕತ್ತರಿಸುತ್ತಲೇ ಇರುತ್ತದೆ. ನಾನೊಮ್ಮೆ ಹಿಂದಿನ ದಿನ ನೀರಿನಲ್ಲಿ ಬೆರೆಸಿಟ್ಟ ಪಿಎಂಎಸ್‌ಎಫ್ ಹಾಕಿ, ಇಡೀ ಲೇನ್ ಖಾಲಿ ಬಂದದ್ದಕ್ಕೆ ಒಂದು ವಾರ ಸುಮ್ನೆ ಮೈಟೊಕಾಂಡ್ರಿಯವನ್ನು ಬೈದುಕೊಂಡಿದ್ದೆ.

ಮೂರನೆಯದರಲ್ಲಿ ಪ್ರೋಟೀನೇಸ್ ಕೆ ಜೊತೆಗೆ ಪೊರೆ ಕರಗಿಸುವ ಡಿಟರ್ಜೆಂಟ್ ಟ್ರೈಟಾನ್ ಎಕ್ಸ್-100. ಜನ ಬಿಟ್ಟುಬಿಡುವುದು ಇದನ್ನೇ. ಪೊರೆ ಕರಗಿದ ಮೇಲೂ ಬ್ಯಾಂಡ್ ಉಳಿದರೆ ಅದನ್ನು ಕಾಪಾಡಿದ್ದು ಪೊರೆಯಲ್ಲ. ಪ್ರೋಟೀನ್ ಮುದ್ದೆಗಟ್ಟಿರಬಹುದು, ಇಲ್ಲವೇ ಬಿಗಿಯಾಗಿ ಮಡಚಿಕೊಂಡಿರಬಹುದು. ಆಗ ಎರಡನೇ ಲೇನ್‌ನಲ್ಲಿ ಕಂಡದ್ದನ್ನೂ ಲೆಕ್ಕಕ್ಕೆ ಹಿಡಿಯಬೇಡಿ.