ದುಬಾರಿ ಸ್ಪೀಕರ್ ಸಪ್ಪೆ ಅನಿಸುತ್ತಿದೆಯಾ? ಮಾರುವ ಮೊದಲು ಅಳತೆ ಟೇಪ್ ಹಿಡಿಯಿರಿ

ಹೊಸ ಸ್ಪೀಕರ್ ಮನೆಗೆ ಬಂದು ವಾರವಾಗಿದೆ. ಮೊದಲ ದಿನದ ಸಡಗರ ಇಳಿದಿದೆ. ಈಗ ನಿಧಾನಕ್ಕೆ ಕೂತು ಕೇಳಿದರೆ, ಶೋರೂಮಿನಲ್ಲಿ ಕೇಳಿದ ಸದ್ದು ಇದಲ್ಲವೇ ಅಲ್ಲ ಅನಿಸುತ್ತಿದೆ. ಬೇಸ್ ಇದ್ದೂ ಇಲ್ಲದ ಹಾಗೆ, ಇಲ್ಲವೇ ಗುಂಯ್ ಎಂದು ಉಳಿದದ್ದನ್ನೆಲ್ಲ ನುಂಗುವ ಹಾಗೆ. ಹಾಡುವವರ ದನಿ ಮಂಕು. ಕೊಟ್ಟ ದುಡ್ಡು ನೆನಪಾದರೆ ಹೊಟ್ಟೆ ಉರಿಯುತ್ತದೆ.

ಇಂಥ ಹೊತ್ತಲ್ಲಿ ಜನ ಮಾಡುವುದು ಒಂದೇ ಕೆಲಸ. ಇನ್ನೊಂದು ಡಬ್ಬ ತರುತ್ತಾರೆ. ಮೊದಲು ದಪ್ಪ ಕೇಬಲ್, ಆಮೇಲೆ ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪ್ಲಿಫೈಯರ್ ಬಳಸಬಲ್ಲ ಸಂಕೇತವಾಗಿಸುವ ಸಾಧನ), ಆಮೇಲೆ ಬೇರೆ ಆಂಪ್ಲಿಫೈಯರ್. ನಮ್ಮ ಭಾವ ಈ ಮೂರನ್ನೂ ದಾಟಿದ ಮೇಲೆ ನನಗೆ ಫೋನ್ ಮಾಡಿದರು. "ನಮ್ಮ ಹಳೇ ಸೆಟ್ಟೇ ಚೆನ್ನಾಗಿತ್ತು ಕಣಯ್ಯಾ, ಮೋಸ ಹೋದೆ" ಅಂದರು. ಹೋಗಿ ನೋಡಿದೆ. ಎದೆಮಟ್ಟದ ಎರಡು ಸ್ಪೀಕರ್. ಒಂದು ಮೂಲೆಯಲ್ಲಿ ಗೋಡೆಗೆ ಒತ್ತಿಕೊಂಡು ನಿಂತಿತ್ತು. ಇನ್ನೊಂದು ಸೋಫಾ ತೋಳಿನ ಹಿಂದೆ ಅರ್ಧ ಅಡಗಿತ್ತು. ಭಾವನ ಕುರ್ಚಿ ಕೋಣೆಯ ನಟ್ಟನಡುವೆ. ಮೋಸ ಮಾಡಿದ್ದು ಸ್ಪೀಕರ್ ಅಲ್ಲ ಅಂತ ಬಾಗಿಲಲ್ಲಿ ನಿಂತೇ ಗೊತ್ತಾಯಿತು.

ಹಾಗಾಗಿ ಈ ಕ್ರಮ. ಒಂದು ಮಧ್ಯಾಹ್ನ ಬಿಡುವು ಮಾಡಿಕೊಳ್ಳಿ. ಅಳತೆ ಟೇಪ್, ಕಾಗದದ ಟೇಪ್, ಒಂದು ಕನ್ನಡಿ, ಜೊತೆಗೆ ಬೇಸರಪಡದ ಒಬ್ಬರು ಬೇಕು. ಹೊಸದಾಗಿ ಏನನ್ನೂ ಕೊಳ್ಳಬೇಕಿಲ್ಲ.

ಒಂದು: ಸೆಟ್ಟಿಂಗ್ ನೋಡಿ

ಹಾಡಿನ ಆ್ಯಪ್‌ನಲ್ಲಿ ಡೇಟಾ ಸೇವರ್ ಆಫ್ ಮಾಡಿ. ಆಂಪ್‌ನಲ್ಲಿ 'ಹಾಲ್', 'ಸ್ಟೇಡಿಯಂ', 'ನೈಟ್' ಅಂತ ಏನಿದ್ದರೂ ಆಫ್ ಮಾಡಿ, ಎಡ-ಬಲದ ಬ್ಯಾಲೆನ್ಸ್ ನಡುವೆ ಇಡಿ. ಇಷ್ಟೇ. ಸಿಡಿಗಿಂತ ಸೂಕ್ಷ್ಮವಾದ ಹೈ-ರೆಸ್ ಫೈಲ್ ಬೇಕಾ ಅಂತ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. 1982ರಲ್ಲಿ ಬಂದ ಸಿಡಿಯ 16 ಬಿಟ್, 44.1 ಕಿಲೋಹರ್ಟ್ಜ್ ಅಳತೆ ನಮ್ಮ ಕಿವಿಗೆ ಇವತ್ತಿಗೂ ಸಾಕು.

ಎರಡು: ವೈರ್ ತಿರುಗಿ ನೋಡಿ

ಎಲ್ಲರೂ ಸರಿಯಾಗೇ ಹಾಕಿದ್ದೇನೆ ಅನ್ನುತ್ತಾರೆ. ಆದರೂ ನೋಡಿ. ಆಂಪ್‌ನ ಕೆಂಪು ಟರ್ಮಿನಲ್‌ನಿಂದ ಸ್ಪೀಕರ್‌ನ ಕೆಂಪಿಗೆ, ಕಪ್ಪಿನಿಂದ ಕಪ್ಪಿಗೆ. ವೈರಿನ ಒಂದು ಎಳೆಯ ಮೇಲೆ ಗೆರೆಯೋ ಬಣ್ಣವೋ ಇರುತ್ತದೆ. ಅದು ಎರಡೂ ಕಡೆ ಒಂದೇ ಬಣ್ಣದ ಟರ್ಮಿನಲ್‌ಗೆ ಹೋಗಬೇಕು. ಒಂದು ಸ್ಪೀಕರ್‌ನಲ್ಲಿ ಮಾತ್ರ ಅದಲು ಬದಲಾದರೆ ಸ್ಪೀಕರ್ ಸುಡುವುದಿಲ್ಲ, ಸದ್ದೂ ಬರುತ್ತದೆ. ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ಒಂದರ ಕೋನ್ (ಅದುರಿ ಸದ್ದು ಹೊರಡಿಸುವ ಭಾಗ) ಮುಂದಕ್ಕೆ ಬರುವಾಗ ಇನ್ನೊಂದರದ್ದು ಹಿಂದಕ್ಕೆ ಹೋಗುತ್ತದೆ, ಬೇಸ್ ಪರಸ್ಪರ ಕಳೆದುಹೋಗುತ್ತದೆ, ಹಾಡುವವರ ದನಿ ಎಲ್ಲಿಂದ ಬರುತ್ತಿದೆ ಅಂತಲೇ ತಿಳಿಯುವುದಿಲ್ಲ.

ಪರೀಕ್ಷೆ ಸುಲಭ. ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ 'ಮೋನೋ ಆಡಿಯೋ' (ಎಡಕ್ಕೂ ಬಲಕ್ಕೂ ಒಂದೇ ಸದ್ದು) ಆನ್ ಮಾಡಿ, ಬರೀ ಮಾತಿರುವ ಏನನ್ನಾದರೂ ಹಾಕಿ. ಎರಡೂ ಸ್ಪೀಕರ್‌ಗಳ ನಡುವಿನ ಖಾಲಿ ಜಾಗದಲ್ಲಿ ಒಬ್ಬ ವ್ಯಕ್ತಿ ಕೂತು ಮಾತಾಡಿದ ಹಾಗೆ ಕೇಳಿಸಬೇಕು. ದನಿ ಚದುರಿ ತಲೆಯ ಸುತ್ತ ತೇಲಿದರೆ, ಒಂದು ಕಡೆಯ ವೈರ್ ತಿರುಗಿಸಿ. ವೈರ್ ಮುಟ್ಟುವ ಮೊದಲು ಆಂಪ್ ಆಫ್ ಮಾಡಿ. ಕೂದಲಿನಂಥ ಒಂದು ತಾಮ್ರದ ಎಳೆ ಹೊರಗೆ ಚಾಚಿ ಪಕ್ಕದ ಟರ್ಮಿನಲ್‌ಗೆ ತಾಗಿದರೂ ಆಂಪ್ ಹೊಗೆ ಹಾಕಬಹುದು. ಎಳೆಗಳನ್ನು ಬಿಗಿಯಾಗಿ ಹೊಸೆದು ತೂರಿಸಿ.

ದುಬಾರಿ ಕೇಬಲ್ ಮಾರುವವರ ಮಾತು ಕೇಳಬೇಡಿ. 2.5 ಚದರ ಮಿಲಿಮೀಟರ್‌ನ ಸಾದಾ ತಾಮ್ರದ ವೈರ್ ಐದು ಮೀಟರ್ ಎಳೆದರೆ, ಹೋಗಿ ಬರುವ ದಾರಿಯ ರೋಧ ಸುಮಾರು 0.07 ಓಮ್. ಸ್ಪೀಕರ್‌ನದು 8 ಓಮ್. ಈ ಶೇಕಡಾ ಒಂದನ್ನು ಉಳಿಸಲು ಬೆಳ್ಳಿಯ ವೈರ್ ಹಾಕುವುದು ಶುದ್ಧ ದಂಡ.

ಮೂರು: ಜಾಗ. ಇಲ್ಲೇ ಎಲ್ಲರೂ ಎಡವುವುದು

ಮೊದಲು ಕುರ್ಚಿಯ ಜಾಗ ಗೊತ್ತು ಮಾಡಿ. ಸ್ಪೀಕರ್ ಆಮೇಲೆ. ಇದನ್ನು ಹೇಳಿದರೆ ಜನ ನಗುತ್ತಾರೆ. ಆದರೆ ಬೇಸ್ ಕೆಡಿಸುವುದರಲ್ಲಿ ಕುರ್ಚಿಯ ಪಾಲು ಸ್ಪೀಕರ್‌ಗಿಂತ ಕಡಿಮೆಯೇನಲ್ಲ.

ಬೇಸ್ ಸದ್ದಿನ ಅಲೆ ತುಂಬಾ ಉದ್ದ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಹಾಗಾಗಿ 40 ಹರ್ಟ್ಜ್‌ನ, ಅಂದರೆ ಸೆಕೆಂಡಿಗೆ 40 ಸಲ ಕಂಪಿಸುವ ಸದ್ದಿನ, ಒಂದು ಅಲೆ ಎಂಟೂವರೆ ಮೀಟರ್ ದಾಟುತ್ತದೆ. ಕೋಣೆಯೇ ಅಷ್ಟಿರುವುದಿಲ್ಲ. ಅಲೆ ಗೋಡೆಗೆ ಬಡಿದು, ವಾಪಸ್ ಬಂದು, ತನ್ನ ಮೇಲೇ ಬೀಳುತ್ತದೆ. ಕೆಲವು ಜಾಗದಲ್ಲಿ ಉಬ್ಬು, ಕೆಲವು ಜಾಗದಲ್ಲಿ ಹಳ್ಳ. ನಿಮ್ಮ ಕೋಣೆಯ ಮೊದಲ ಗುಂಯ್ ಎಲ್ಲಿದೆ ಅಂತ ಲೆಕ್ಕ ಹಾಕಬಹುದು. ಕೋಣೆಯ ಉದ್ದವನ್ನು ಎರಡರಿಂದ ಗುಣಿಸಿ, 343ನ್ನು ಅದರಿಂದ ಭಾಗಿಸಿ. 4 ಮೀಟರ್ ಉದ್ದದ ಕೋಣೆಗೆ 43 ಹರ್ಟ್ಜ್. ಬೇಸ್ ಗಿಟಾರಿನ ಅತಿ ದಪ್ಪ ತಂತಿ ನುಡಿಯುವುದು 41ರಲ್ಲಿ. ಅಂದರೆ ಸರಿಯಾಗಿ ಆ ತಂತಿ ನುಡಿಯುವ ಕಡೆಯೇ ಕೋಣೆಯ ಕಿತಾಪತಿ. ಈ ಅಲೆ ಎದುರು ಬದುರಿನ ಗೋಡೆಗಳ ಹತ್ತಿರ ಉಬ್ಬುತ್ತದೆ, ನಟ್ಟನಡುವೆ ಮಾಯವಾಗುತ್ತದೆ. ಭಾವ ಕೂತಿದ್ದು ಆ ಹಳ್ಳದಲ್ಲೇ. ಎದ್ದು ಹಿಂದಿನ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ ಅಂದೆ. ನಿಂತರು. "ಅರೆ, ಬೇಸ್ ಇಲ್ಲಿದೆಯಲ್ಲೋ!" ಅಂದರು. ಮೂರು ಡಬ್ಬ ತಂದರೂ ಸಿಗದಿದ್ದ ಬೇಸ್ ಒಂದೂವರೆ ಮೀಟರ್ ಹಿಂದೆ ನಿಂತಿತ್ತು.

ಹಾಗಂತ ಸೋಫಾವನ್ನು ಗೋಡೆಗೆ ಒತ್ತಿ ಇಡಬೇಡಿ. ಅಲ್ಲಿ ಎಲ್ಲವೂ ಉಬ್ಬು. ಶುರುವಿಗೆ ಒಂದು ಒಳ್ಳೆ ಜಾಗವಿದೆ: ಕೋಣೆಯ ಉದ್ದದ ಶೇಕಡಾ 38ರಷ್ಟು ದೂರ, ನಿಮ್ಮ ಬೆನ್ನ ಹಿಂದಿನ ಗೋಡೆಯಿಂದ. 4 ಮೀಟರ್ ಕೋಣೆಯಾದರೆ ಸುಮಾರು ಒಂದೂವರೆ ಮೀಟರ್. ಅಲ್ಲಿಂದ ಒಂದೊಂದು ಗೇಣು ಹಿಂದೆ ಮುಂದೆ ಸರಿದು ಕೇಳಿ. ಜಾಗವೇ ಇಲ್ಲ ಅನ್ನುವವರು ತಲೆ ಮತ್ತು ಗೋಡೆಯ ನಡುವೆ ಅರ್ಧ ಮೀಟರ್ ಆದರೂ ಬಿಡಿ.

ಇನ್ನು ಸ್ಪೀಕರ್. ಎರಡು ಸ್ಪೀಕರ್ ಮತ್ತು ನಿಮ್ಮ ತಲೆ, ಮೂರೂ ಸೇರಿ ಸಮಭುಜ ತ್ರಿಕೋನ ಆಗಬೇಕು. ಕಣ್ಣಳತೆ ಬೇಡ. ಜೊತೆಗಿರುವವರು ಟೇಪಿನ ಒಂದು ತುದಿಯನ್ನು ಟ್ವೀಟರ್ ಹತ್ತಿರ ಹಿಡಿಯಲಿ, ಇನ್ನೊಂದು ತುದಿ ನಿಮ್ಮ ಮೂಗಿನ ಹತ್ತಿರ ಬರಲಿ. ಎಡಕ್ಕೂ ಬಲಕ್ಕೂ ಒಂದೆರಡು ಸೆಂಟಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಟ್ವೀಟರ್ ಅಂದರೆ ಸಣ್ಣ ಗುಮ್ಮಟದಂತಿರುವುದು, ಬೆರಳಲ್ಲಿ ಮುಟ್ಟಲೇಬೇಡಿ, ಒಳಕ್ಕೆ ತಗ್ಗಿಬಿಡುತ್ತದೆ. ಅದು ಕೂತವರ ಕಿವಿಯ ಎತ್ತರಕ್ಕೆ ಇರಬೇಕು. ಬುಕ್‌ಶೆಲ್ಫ್ ಸ್ಪೀಕರ್ ಅಂತ ಹೆಸರಿದೆ ಅಂತ ಅದನ್ನು ಪುಸ್ತಕದ ಕಪಾಟಿಗೆ ತುರುಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕಪಾಟಿನ ಹಲಗೆಯೂ ಜೊತೆಗೆ ಹಾಡುತ್ತದೆ. ಸ್ಟ್ಯಾಂಡ್ ಮೇಲೆ ಇಡಿ.

ಈಗ ಗೋಡೆಯ ದೂರ. ಸ್ಪೀಕರ್‌ನಿಂದ ಹಿಂದಕ್ಕೆ ಹೋದ ಬೇಸ್ ಗೋಡೆಗೆ ತಾಗಿ ತಡವಾಗಿ ಮುಂದಕ್ಕೆ ಬರುತ್ತದೆ. ಸ್ಪೀಕರ್‌ನ ಮುಖ ಗೋಡೆಯಿಂದ ಒಂದು ಮೀಟರ್ ದೂರವಿದ್ದರೆ ಸುಮಾರು 86 ಹರ್ಟ್ಜ್‌ನಲ್ಲಿ ಎರಡೂ ಕಾದಾಡಿ ಸದ್ದು ಕುಸಿಯುತ್ತದೆ. ಅರ್ಧ ಮೀಟರ್ ಆದರೆ 171ರಲ್ಲಿ. ಯಾವ ದೂರದಲ್ಲೂ ಏನಾದರೊಂದು ಕುಸಿತ ಇದ್ದೇ ಇರುತ್ತದೆ. ಎಲ್ಲ ಕುಸಿತಗಳೂ ಒಂದೇ ಕಡೆ ಬೀಳದ ಹಾಗೆ ನೋಡಿಕೊಳ್ಳುವುದು ನಮ್ಮ ಕೈಲಿದೆ. ಸ್ಪೀಕರ್ ಹಿಂದಿನ ಗೋಡೆಗೆ ಎಷ್ಟು ದೂರವೋ, ಪಕ್ಕದ ಗೋಡೆಗೂ ಅಷ್ಟೇ ದೂರ ಇಡಬೇಡಿ. ಒಂದು 60 ಸೆಂಟಿಮೀಟರ್ ಆದರೆ ಇನ್ನೊಂದು 90 ಇರಲಿ. ಮೂಲೆ ಮಾತ್ರ ಬೇಡವೇ ಬೇಡ.

ನೆಲಕ್ಕೆ ಕಾಗದದ ಟೇಪ್ ಅಂಟಿಸಿ, ಐದೈದು ಸೆಂಟಿಮೀಟರ್‌ಗೆ ಪೆನ್ನಿನಿಂದ ಗುರುತು ಹಾಕಿ. ಬೇಸ್ ಗಿಟಾರ್ ಮೇಲಿಂದ ಕೆಳಕ್ಕೆ ಮೆಟ್ಟಿಲಿಳಿಯುವಂಥ, ನಿಮಗೆ ಬಾಯಿಪಾಠವಾಗಿರುವ ಒಂದು ಹಾಡು ಹಾಕಿ. ಕಣ್ಣು ಮುಚ್ಚಿ. ಜೊತೆಗಿರುವವರು ಎರಡೂ ಸ್ಪೀಕರ್‌ಗಳನ್ನು ಒಂದೊಂದು ಗುರುತು ಸರಿಸಲಿ. ಎಷ್ಟು ಬೇಸ್ ಇದೆ ಅಂತ ಕೇಳಬೇಡಿ, ಪ್ರತಿ ಮೆಟ್ಟಿಲೂ ಸಮ ತೂಕದಲ್ಲಿ ಕೇಳುತ್ತಿದೆಯಾ ಅಂತ ಕೇಳಿ. ಒಂದು ಸ್ವರ ಮಾತ್ರ ಧುಮ್ ಅಂತ ಮುಂದೆ ನುಗ್ಗಿದರೆ ಜಾಗ ಸರಿಯಿಲ್ಲ. ಒಂದು ಸ್ವರ ಕಳೆದುಹೋದರೂ ಸರಿಯಿಲ್ಲ. ಭಾವನ ಮನೆಯಲ್ಲಿ ಇದಕ್ಕೇ ಎರಡು ಗಂಟೆ ಹಿಡಿಯಿತು. ಕೊನೆಗೆ ಸೋಫಾವನ್ನೇ ಪಕ್ಕದ ಗೋಡೆಗೆ ಕಳಿಸಿದೆವು. ಅಕ್ಕ ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಕೊನೆಗೆ ಸ್ಪೀಕರ್ ಮುಖ ತಿರುಗಿಸುವುದು. ನಡುವಿನ ದನಿ ಅಗಲವಾಗಿ ಹರಡಿಕೊಂಡಿದ್ದರೆ ಎರಡನ್ನೂ ಸ್ವಲ್ಪ ಒಳಕ್ಕೆ, ನಿಮ್ಮ ಕಡೆಗೆ ತಿರುಗಿಸಿ. 'ಸ', 'ಶ' ಕಿವಿ ಚುಚ್ಚಿದರೆ ಹೊರಕ್ಕೆ.

ನಾಲ್ಕು: ಕೋಣೆ ಬರಿದಾಗಿದ್ದರೆ

ಕುರ್ಚಿಯಲ್ಲಿ ಕೂತು ಜೋರಾಗಿ ಒಂದು ಚಪ್ಪಾಳೆ ತಟ್ಟಿ. ಟ್ರ್‌ರ್ ಅಂತ ಬಾಲ ಕೇಳಿದರೆ ಗೋಡೆಗಳು ಸದ್ದನ್ನು ಚೆಂಡಿನಂತೆ ಆಡುತ್ತಿವೆ ಅಂತ ಅರ್ಥ. ಜೊತೆಗಾರರು ಪಕ್ಕದ ಗೋಡೆಯ ಮೇಲೆ ಕನ್ನಡಿ ಸರಿಸುತ್ತಾ ಹೋಗಲಿ. ಕೂತಲ್ಲಿಂದ ನಿಮಗೆ ಸ್ಪೀಕರ್ ಕಾಣುವ ಜಾಗವೇ ಸದ್ದು ತಾಗಿ ಬರುವ ಜಾಗ. ಅಲ್ಲಿ ದಪ್ಪ ಪರದೆ ಅಥವಾ ಪುಸ್ತಕ ತುಂಬಿದ ಕಪಾಟು ಇಡಿ. ನೆಲಕ್ಕೆ ಜಮಖಾನ ಹಾಸಿ.

ಗೋಡೆಗೆ ಮೊಟ್ಟೆ ಟ್ರೇ ಅಂಟಿಸುವ ವಿಡಿಯೋಗಳನ್ನು ನಂಬಬೇಡಿ. ತೆಳ್ಳನೆ ಸ್ಪಂಜಿನ ಹಾಳೆಗಳದ್ದೂ ಅದೇ ಕಥೆ. ಅವು ಹೀರುವುದು ಟ್ರೆಬಲ್, ಅಂದರೆ ತೆಳು ಕೀರಲು ಸದ್ದನ್ನು ಮಾತ್ರ. 100 ಹರ್ಟ್ಜ್ ಅಲೆಯ ಕಾಲು ಭಾಗವೇ 86 ಸೆಂಟಿಮೀಟರ್, ಬೆರಳು ದಪ್ಪದ ಸ್ಪಂಜು ಅದನ್ನೇನು ತಡೆದೀತು? ಕೋಣೆ ತುಂಬಾ ಅದನ್ನೇ ಮೆತ್ತಿದರೆ ಟ್ರೆಬಲ್ ಸತ್ತು, ಗುಂಯ್ ಮಾತ್ರ ಉಳಿಯುತ್ತದೆ.

ಐದು: ಸಬ್‌ವೂಫರ್ ಇದ್ದರೆ ಅಂಬೆಗಾಲಿಡಿ

ಸಬ್‌ವೂಫರ್ ಅಂದರೆ ಬರೀ ಬೇಸ್ ನುಡಿಸುವ ಸ್ಪೀಕರ್. ಅದನ್ನು ತಂದು ನೀವು ಕೂರುವ ಜಾಗದಲ್ಲೇ ಇಡಿ. ಬೇಸ್ ಇರುವ ಹಾಡು ಹಾಕಿ. ಈಗ ಅದನ್ನು ಇಡಬಹುದಾದ ಜಾಗಗಳಲ್ಲೆಲ್ಲ ಮಂಡಿಯೂರಿ, ತಲೆ ತಗ್ಗಿಸಿ ಹರಿದಾಡಿ. ಎಲ್ಲಿ ಬೇಸ್ ಶುದ್ಧವಾಗಿ, ಸಮವಾಗಿ ಕೇಳುತ್ತದೋ ಅಲ್ಲಿ ಸಬ್ ಇಡಿ. ನೋಡುವವರು ನಗಲಿ ಬಿಡಿ. ಕ್ರಾಸ್‌ಓವರ್ ಅನ್ನು, ಅಂದರೆ ಎಷ್ಟು ಹರ್ಟ್ಜ್‌ಗಿಂತ ಕೆಳಗಿನ ಸದ್ದು ಸಬ್‌ಗೆ ಹೋಗಬೇಕು ಅನ್ನುವ ಗಡಿಯನ್ನು, 80 ಹರ್ಟ್ಜ್‌ನಿಂದ ಶುರು ಮಾಡಿ. ಸಬ್ ಎಲ್ಲಿದೆ ಅಂತ ಕಿವಿಗೆ ಗೊತ್ತಾಗುತ್ತಿದ್ದರೆ ಅದರ ವಾಲ್ಯೂಮ್ ಇಳಿಸಿ.

ಆರು: ಹೋಲಿಸುವಾಗ ಕಿವಿಗೆ ಮೋಸವಾಗದಿರಲಿ

ಶೋರೂಮಿನಲ್ಲಿ ಜೋರಾಗಿ ಕೇಳಿದ್ದಿರಿ, ಮನೆಯಲ್ಲಿ ಮೆಲ್ಲಗೆ ಕೇಳುತ್ತೀರಿ. ಸದ್ದು ಇಳಿದಷ್ಟೂ ನಮ್ಮ ಕಿವಿಗೆ ಬೇಸ್ ಇನ್ನೂ ಕಮ್ಮಿ ಕೇಳುತ್ತದೆ. ಇದನ್ನು ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ಹಾಗಾಗಿ ಎರಡು ಸೆಟ್ ಹೋಲಿಸುವಾಗ ವಾಲ್ಯೂಮ್ ಸಮ ಮಾಡಿ, ಫೋನಿನ ಡೆಸಿಬೆಲ್ ಮೀಟರ್ ಆ್ಯಪ್ ಸಾಕು. ಸ್ವಲ್ಪ ಜೋರಿದ್ದದ್ದೇ ಚೆನ್ನಾಗಿ ಕೇಳುತ್ತದೆ.

ಇನ್ನೊಂದು, ಯಾವುದು ನುಡಿಯುತ್ತಿದೆ ಅಂತ ನೋಡದೆ ಕೇಳಿ. ಧ್ವನಿ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಸ್ಪೀಕರ್ ಕಣ್ಣಿಗೆ ಕಾಣುತ್ತಿದ್ದಾಗ ಕೇಳುಗರು ಕೊಟ್ಟ ಅಂಕಕ್ಕೂ ಪರದೆಯ ಹಿಂದಿದ್ದಾಗ ಕೊಟ್ಟ ಅಂಕಕ್ಕೂ ತಾಳೆಯಾಗಲಿಲ್ಲ. ಅನುಭವಿ ಕೇಳುಗರೂ ಇದಕ್ಕೆ ಹೊರತಾಗಿರಲಿಲ್ಲ. 'ಇನ್ನೂರು ಗಂಟೆ ನುಡಿಸಿ, ಆಮೇಲೆ ತಾನೇ ಪಳಗುತ್ತದೆ' ಅನ್ನುವ ಸಲಹೆಯ ಮೇಲೂ ನನಗೆ ನಂಬಿಕೆ ಇಲ್ಲ. ಅಷ್ಟರಲ್ಲಿ ಪಳಗುವುದು ನಮ್ಮ ಕಿವಿ, ಮುಗಿಯುವುದು ವಾಪಸಾತಿ ಅವಧಿ.

ಏಳು: ಆಮೇಲಷ್ಟೇ ಈಕ್ವಲೈಜರ್

ಈಕ್ವಲೈಜರ್ ಅಂದರೆ ಸದ್ದಿನ ಒಂದೊಂದು ಭಾಗವನ್ನೂ ಬೇರೆಬೇರೆಯಾಗಿ ಏರಿಸಿ ಇಳಿಸುವ ಸೌಲಭ್ಯ. ಅಳತೆ ಮೈಕ್ ಸಿಕ್ಕರೆ ಕೋಣೆಯ ಸದ್ದನ್ನು ಅಳೆಯಲು ರೂಮ್ ಈಕ್ಯೂ ವಿಜಾರ್ಡ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಗ್ರಾಫ್‌ನಲ್ಲಿ ಉಬ್ಬುಗಳನ್ನು ಇಳಿಸಿ, ಹಳ್ಳಗಳನ್ನು ತುಂಬಲು ಹೋಗಬೇಡಿ. 10 ಡೆಸಿಬೆಲ್ ಏರಿಸಿದರೆ ಆಂಪ್ ಹತ್ತರಷ್ಟು ವ್ಯಾಟ್ ಕೊಡಬೇಕು, ಆದರೂ ಹಳ್ಳ ತುಂಬುವುದಿಲ್ಲ. ಕೋಣೆ ಅಷ್ಟನ್ನೂ ಕಳೆದುಹಾಕುತ್ತದೆ. ಹಳ್ಳಕ್ಕೆ ಮದ್ದು ಕುರ್ಚಿ ಸರಿಸುವುದೇ.

ಇಷ್ಟೆಲ್ಲಾ ಆದ ಮೇಲೂ ಸಪ್ಪೆಯಾ?

ಹಾಗಿದ್ದರೆ ಸ್ಪೀಕರ್ ಮೇಲೇ ಅನುಮಾನಪಡಬಹುದು. ಎಡ ಬಲ ಸ್ಪೀಕರ್‌ಗಳನ್ನು ಅದಲು ಬದಲು ಮಾಡಿ. ಮಂಕು ಸದ್ದು ಸ್ಪೀಕರ್ ಜೊತೆಗೇ ಹೋದರೆ ಆ ಸ್ಪೀಕರ್ ಕೆಟ್ಟಿದೆ. ಹೋಗದೆ ಅದೇ ಕಡೆ ಉಳಿದರೆ ಕೋಣೆಯೋ ವೈರೋ ಆಂಪೋ ಕಾರಣ. ಜೋರು ಮಾಡಿದಾಗ ಮಾತ್ರ ಸದ್ದು ಒಡೆಯುತ್ತಿದ್ದರೆ ಆಂಪ್ ಸಾಲದಿರಬಹುದು. ಡಬ್ಬದ ಮೇಲೋ ಕೈಪಿಡಿಯಲ್ಲೋ ಸೆನ್ಸಿಟಿವಿಟಿ (ಇಷ್ಟು ವ್ಯಾಟ್ ಕೊಟ್ಟರೆ ಎಷ್ಟು ಜೋರು ಅನ್ನುವ ಅಳತೆ) ಅಂತ ಬರೆದಿರುತ್ತದೆ, ನೋಡಿ. 84 ಡೆಸಿಬೆಲ್ ಸ್ಪೀಕರ್ 90ರದ್ದರಷ್ಟೇ ಜೋರಾಗಿ ಹಾಡಲು ನಾಲ್ಕರಷ್ಟು ವ್ಯಾಟ್ ಕೇಳುತ್ತದೆ. ಎಲ್ಲವೂ ಸರಿಯಿದ್ದು ನಿಮಗೇ ಇಷ್ಟವಾಗುತ್ತಿಲ್ಲ ಅಂದರೆ ಮುಲಾಜಿಲ್ಲದೆ ವಾಪಸ್ ಕೊಡಿ. ಅದಕ್ಕೇ ಥರ್ಮೋಕೋಲ್ ಸಮೇತ ಪೆಟ್ಟಿಗೆಯನ್ನು ಎಸೆಯಬೇಡಿ ಅನ್ನುವುದು.

ಜಾಗ ಹೊಂದಿತು ಅಂದರೆ ಸ್ಪೀಕರ್‌ನ ನಾಲ್ಕೂ ಕಾಲಿನ ಸುತ್ತ ಟೇಪ್ ಅಂಟಿಸಿ ಗುರುತು ಮಾಡಿಬಿಡಿ. ನೆಲ ಒರೆಸುವಾಗ ಯಾರೋ ಸರಿಸುತ್ತಾರೆ, ಆಮೇಲೆ ಅಂದಾಜಿಗೆ ಇಡುತ್ತಾರೆ. ಭಾವನ ಮನೆಯಲ್ಲಿ ಹೀಗೆ ಎರಡು ಸಲ ಆಯಿತು. ಈಗ ಅಕ್ಕನೇ ಟೇಪ್ ನೋಡಿಕೊಂಡು ವಾಪಸ್ ಇಡುತ್ತಾಳೆ.