ಅಮೆರಿಕದಲ್ಲಿ ಸುದ್ದಿಯಿಲ್ಲದೆ ಹೋದವರು: ಕೋಲಾರದಲ್ಲಿ ಕೊಟ್ಟ ದೂರು ಇಲ್ಲಿಗೆ ತಾನಾಗಿ ಬರುವುದಿಲ್ಲ

ಅಮೆರಿಕಕ್ಕೆ ಬಂದ ಮಗನ ಫೋನ್ ನಿಂತುಹೋದರೆ ಚಿಂತಾಮಣಿಯಲ್ಲೋ ಮುಳಬಾಗಿಲಲ್ಲೋ ಇರುವ ಅಪ್ಪ ಅಮ್ಮ ಮೊದಲು ಹೋಗುವುದು ಅಲ್ಲಿನ ಠಾಣೆಗೆ. ದೂರು ಕೊಡಲಿ, ತಪ್ಪಿಲ್ಲ. ಆದರೆ ಇಲ್ಲಿನ ಯಾವುದೋ ಕೌಂಟಿಯಲ್ಲಿ (ನಮ್ಮ ಜಿಲ್ಲೆಯ ಹಾಗೆ) ಕೊಲೆಯಾಗಿ ಸಿಕ್ಕ, ಹೆಸರಿಲ್ಲದ ಶವದ ಫೈಲಿಗೆ ಆ ದೂರು ತಲುಪುವುದಿಲ್ಲ. ಇಲ್ಲಿನ ಪೊಲೀಸರ ಲೆಕ್ಕದಲ್ಲಿ ಆ ಮನುಷ್ಯ ಕಾಣೆಯಾಗಿಯೇ ಇಲ್ಲ. ಕಾನ್ಸುಲೇಟ್‌ನವರಿಗೆ ತಿಳಿಸಿರುತ್ತಾರೆ ಅಲ್ವಾ ಅಂತ ಕೇಳಬಹುದು. ಸತ್ತವರು ಭಾರತದವರು ಅಂತ ಗೊತ್ತಾದರೆ ತಾನೆ ತಿಳಿಸುವುದು!

ಹಾಗಾಗಿ ಇಲ್ಲಿರುವ ನಾವು ಯಾರಾದರೂ ಕೈ ಹಾಕಬೇಕು. ಆ ವ್ಯಕ್ತಿ ಕೊನೆಗೆ ಇದ್ದ ಊರಿನ ಪೊಲೀಸರಲ್ಲೋ ಶೆರಿಫ್ (ಕೌಂಟಿಯ ಪೊಲೀಸ್) ಕಚೇರಿಯಲ್ಲೋ ಮಿಸ್ಸಿಂಗ್ ರಿಪೋರ್ಟ್ ಕೊಡಿ. 24 ಗಂಟೆ ಕಾಯಬೇಕು ಅನ್ನೋದು ಬರೀ ಸಿನಿಮಾ ಮಾತು. ಇಪ್ಪತ್ತು ವರ್ಷ ಆಗಿದ್ದರೂ ಕೊಡಬಹುದು. ಕೇಸ್ ನಂಬರ್ ಬರೆದುಕೊಳ್ಳಿ.

ಹೆಸರಿನ ವಿಷಯದಲ್ಲಿ ಹುಷಾರು. ಊರಲ್ಲಿ 'ಕೆ. ಎನ್. ಮಂಜುನಾಥ' ಅಂತಿದ್ದವನು ಇಲ್ಲಿ ಬರೀ 'ನಾರಾಯಣಪ್ಪ' ಆಗಿರಬಹುದು, ಅಪ್ಪನ ಹೆಸರೇ ಸರ್‌ನೇಮ್ ಆಗಿ. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದರೆ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಅಂತ ಹಾಕಿರುತ್ತಾರೆ. ಎಲ್ಲ ರೂಪಗಳನ್ನೂ ಬರೆಸಿ.

ಶವದ ಗುರುತು ಹಚ್ಚುವ ಕೆಲಸ ಮಾತ್ರ ಪೊಲೀಸರದ್ದಲ್ಲ, ಅನುಮಾನದ ಸಾವುಗಳನ್ನು ವಿಚಾರಿಸುವ ಅಧಿಕಾರಿಯಾದ ಕೌಂಟಿಯ ಕರೋನರ್ ಅಥವಾ ಮೆಡಿಕಲ್ ಎಕ್ಸಾಮಿನರ್‌ದು. ಕೌಂಟಿಗಳು 3,000ಕ್ಕೂ ಜಾಸ್ತಿ. ಎಷ್ಟೋ ಕಡೆ ಕರೋನರ್ ಅಂದರೆ ಚುನಾವಣೆಯಲ್ಲಿ ಗೆದ್ದವರು, ಡಾಕ್ಟರೇ ಆಗಿರಬೇಕಿಲ್ಲ. ಇವರನ್ನೂ ಕಾಣೆಯಾದವರ ಮನೆಯವರನ್ನೂ ಒಂದು ಕಡೆ ಸೇರಿಸುವುದು 'ನೇಮ್‌ಅಸ್' (NamUs) ಅನ್ನುವ ಅಮೆರಿಕದ ಕೇಂದ್ರ ಸರ್ಕಾರದ ಆನ್‌ಲೈನ್ ದಾಖಲೆ. ಇದು ಪೂರ್ತಿ ಉಚಿತ. ಮನೆಯವರೇ ಮಾಹಿತಿ ತುಂಬಬಹುದು, ಪೊಲೀಸರ ಹತ್ತಿರ ಖಾತ್ರಿ ಮಾಡಿಕೊಂಡು ಪ್ರಕಟಿಸುತ್ತಾರೆ. ಅದಕ್ಕೇ ಕೇಸ್ ನಂಬರ್ ಬೇಕು ಅಂದದ್ದು. ವರ್ಷಕ್ಕೆ ಸುಮಾರು 4,400 ಗುರುತಿಲ್ಲದ ಶವಗಳು ಸಿಗುತ್ತವೆ, ವರ್ಷ ಕಳೆದರೂ ಸುಮಾರು 1,000 ಹಾಗೇ ಉಳಿಯುತ್ತವೆ ಅಂತ ಅವರದೇ ಲೆಕ್ಕ.

2004ರ ಈಚೆಗೆ ವೀಸಾದಲ್ಲಿ ಬಂದವರ ಬೆರಳಚ್ಚು ಸಾಮಾನ್ಯವಾಗಿ ಸರ್ಕಾರದ ಬಳಿ ಇರುತ್ತದೆ. ಅದಕ್ಕೂ ಮುಂಚೆ ಬಂದವರಿಗೆ, ಅಥವಾ ಬರೀ ಮೂಳೆ ಸಿಕ್ಕಾಗ, ಡಿಎನ್‌ಎಯೇ ಗತಿ. ಕೆನ್ನೆಯ ಒಳಗೆ ಹತ್ತಿ ಕಡ್ಡಿ ಆಡಿಸುತ್ತಾರೆ, ಅಷ್ಟೇ. ತಾಯಿ, ತಂದೆ, ಮಕ್ಕಳದ್ದು ಸಿಕ್ಕರೆ ಒಳ್ಳೆಯದು, ಆಮೇಲೆ ಒಡಹುಟ್ಟಿದವರದ್ದು. ಅಮ್ಮನಿಗೆ ಎಂಬತ್ತಾಗಿದ್ದರೆ ತಡ ಮಾಡಬೇಡಿ. ಮನೆಯಲ್ಲೇ ತೆಗೆದು ಪೋಸ್ಟ್‌ನಲ್ಲಿ ಕಳಿಸಿದರೆ ನಡೆಯುವುದಿಲ್ಲ, ಪೊಲೀಸರ ಮೂಲಕವೇ ಆಗಬೇಕು. ಇಲ್ಲಿನ ಡಿಟೆಕ್ಟಿವ್ ಇಂಟರ್‌ಪೋಲ್‌ಗೆ, ಅಲ್ಲಿಂದ ದೆಹಲಿಯ ಸಿಬಿಐಗೆ, ಸಿಬಿಐನಿಂದ ಜಿಲ್ಲೆಯ ಪೊಲೀಸರಿಗೆ: ದಾರಿ ಉದ್ದ. ಇಲ್ಲೇ ತಮ್ಮನೋ ಮಗಳೋ ಇದ್ದರೆ ಅವರದ್ದು ಮೊದಲು ಕೊಡಿಸಿ. ಮನೆಯವರ ಸ್ಯಾಂಪಲ್ಲನ್ನು ಕಾಣೆಯಾದವರ ಹುಡುಕಾಟಕ್ಕೆ ಮಾತ್ರ ಬಳಸುತ್ತಾರೆ, ಅಪರಾಧಿಗಳ ಪಟ್ಟಿಯ ಜೊತೆ ಹೋಲಿಸುವುದಿಲ್ಲ. ಇದನ್ನು ಊರಿನವರಿಗೆ ಬಿಡಿಸಿ ಹೇಳಿ, ಎಷ್ಟೋ ಜನ ಹೆದರುವುದು ಇದಕ್ಕೇ.

ಹಳೆಯ ಕೊಲೆ ಕೇಸುಗಳಲ್ಲಿ ಈಗ ಇನ್ನೊಂದು ದಾರಿ ಇದೆ. ಓಹಾಯೋದಲ್ಲಿ 1981ರಲ್ಲಿ ಕೊಲೆಯಾಗಿ ಸಿಕ್ಕ ಹುಡುಗಿಯ ಹೆಸರು 2018ರಲ್ಲಿ ಗೊತ್ತಾಯಿತು. ನೆಂಟರ ಡಿಎನ್‌ಎ ಹಿಡಿದು ವಂಶವೃಕ್ಷ ಬರೆದು ಕಂಡುಹಿಡಿದರು. ಜನ ನೆಂಟರನ್ನು ಹುಡುಕಲು ತಮ್ಮ ಡಿಎನ್‌ಎ ಹಾಕುವ ವೆಬ್‌ಸೈಟ್‌ಗಳಲ್ಲಿ ಪೊಲೀಸರಿಗೂ ಹುಡುಕಲು ಬಿಡುವ ಜೆಡ್‌ಮ್ಯಾಚ್, ಫ್ಯಾಮಿಲಿಟ್ರೀಡಿಎನ್‌ಎಗಳಲ್ಲಿ ನಮ್ಮವರು ತೀರಾ ಕಡಿಮೆ. ಸಾಲದ್ದಕ್ಕೆ ನಮ್ಮ ಕಡೆ ಅಕ್ಕನ ಮಗಳನ್ನು ಮದುವೆಯಾಗುವುದು, ಸೋದರತ್ತೆ ಮಗನಿಗೆ ಕೊಡುವುದು ಮಾಮೂಲು. ಇದರಿಂದ ದೂರದ ನೆಂಟರೂ ಹತ್ತಿರದವರ ಹಾಗೆ ಕಾಣುತ್ತಾರೆ, ಅಂದಾಜು ತಪ್ಪುತ್ತದೆ. ಯಾರು ಯಾರನ್ನು ಮದುವೆಯಾದರು ಅಂತ ಮೂರು ತಲೆಮಾರು ಬರೆದುಕೊಡಿ, ಸಂಕೋಚ ಬೇಡ.

ಮೈಮೇಲಿನ ಗುರುತುಗಳನ್ನೂ ಅಜ್ಜಿಯರನ್ನು ಕೂರಿಸಿಕೊಂಡು ಕೇಳಿ. ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ 1992ರಲ್ಲಿ ಕೊಲೆಯಾದ ಹೆಂಗಸಿನ ಗುರುತು 2023ರಲ್ಲಿ ಸಿಕ್ಕಿದ್ದು ತೋಳಿನ ಹೂವಿನ ಹಚ್ಚೆಯಿಂದ. ಸುದ್ದಿಯಲ್ಲಿ ನೋಡಿದ ಮನೆಯವರೇ ಹಿಡಿದರು. 'ಏಳನೇ ಕ್ಲಾಸಲ್ಲಿ ಹುಣಸೆ ಮರದಿಂದ ಬಿದ್ದ, ಎಡಗೈಗೆ ಪುತ್ತೂರು ಕಟ್ಟು ಹಾಕಿಸಿದ್ವಿ' ಅನ್ನುವಂಥ ಮಾತು ಬಲು ಮುಖ್ಯ. ಎಕ್ಸ್‌ರೇ ಇಲ್ಲದಿದ್ದರೂ ಕೂಡಿದ ಮೂಳೆಯಲ್ಲಿ ಗುರುತು ಉಳಿದಿರಬಹುದು. ಡಿಟೆಕ್ಟಿವ್ ಊರಿಗೆ ಫೋನ್ ಮಾಡುವ ಮುಂಚೆ ಅಮ್ಮನಿಗೆ ಬರುವುದು ಕನ್ನಡವೋ ತೆಲುಗೋ ಹೇಳಿಬಿಡಿ, ಇಲ್ಲದಿದ್ದರೆ ಹಿಂದಿ ದುಭಾಷಿಯನ್ನು ಕೂರಿಸಿಬಿಟ್ಟಾರು.

ಗುರುತು ಸಿಕ್ಕರೂ ಕೊಲೆಗಾರ ಸಿಕ್ಕಂತಲ್ಲ, ಆದರೆ ಕೊಲೆಗೆ ಇಲ್ಲಿ ಕಾಲಮಿತಿ ಇಲ್ಲ. ಶವವನ್ನು ಹೂತಿದ್ದಾರೋ ಸುಟ್ಟಿದ್ದಾರೋ ಕರೋನರ್ ಹತ್ತಿರ ಕೇಳಿ. ಸರಿಯಾದ ಹೆಸರು ಹಾಕಿದ ಡೆತ್ ಸರ್ಟಿಫಿಕೇಟ್‌ನ ಪ್ರತಿಗಳನ್ನು ಜಾಸ್ತಿಯೇ ತೆಗೆದುಕೊಂಡು, ಸಾಮಾನ್ಯವಾಗಿ ಆ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಲ್ಲಿ ಅಪೊಸ್ಟಿಲ್ (ಬೇರೆ ದೇಶದಲ್ಲಿ ಒಪ್ಪುವಂತೆ ಹಾಕುವ ಸರ್ಕಾರಿ ದೃಢೀಕರಣ) ಹಾಕಿಸಿ. ಊರಲ್ಲಿ ಅವರ ಹೆಸರಿನಲ್ಲಿ ಜಮೀನಿದ್ದರೆ ಪೌತಿ ಖಾತೆಗೆ ಈ ಡೆತ್ ಸರ್ಟಿಫಿಕೇಟ್ ಬೇಕಾಗುತ್ತದೆ.